18ನೇ ಓವರ್ ಯಾರದ್ದು? ಮುಂಬಯಿ ಕ್ಲಬ್ ತಂಡಗಳ ಬೌಲಿಂಗ್ ಅಳೆಯುವ ಕ್ರಮ

ಮಳೆ ಹಿಡಿಯುವ ಹೊತ್ತಿಗೆ ಮುಂಬಯಿಯ ಕ್ಲಬ್‌ಗಳ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಸಂಘಗಳ ಮಾಸಪತ್ರಿಕೆಗಳಲ್ಲೂ ಹೊಸ ಸೀಸನ್ನಿನ ಮುನ್ನೋಟ ಶುರುವಾಗುತ್ತದೆ. ಹತ್ತು ತಂಡಗಳ ಬಗ್ಗೆ ಬರೆದರೆ ಹತ್ತಕ್ಕೂ ಒಂದೇ ಮಾತು: "ಬೌಲಿಂಗ್ ವಿಭಾಗ ಬಲಿಷ್ಠವಾಗಿದೆ, ಅನುಭವಿ ಸ್ಪಿನ್ನರ್‌ಗಳಿದ್ದಾರೆ." ಇದನ್ನು ಓದಿದ ಎದುರಾಳಿ ಕ್ಯಾಪ್ಟನ್‌ಗೆ ಟಾಸ್ ಗೆದ್ದರೆ ಏನು ಮಾಡಬೇಕೆಂದೂ ತಿಳಿಯುವುದಿಲ್ಲ. ಸ್ವಂತ ತಂಡದ ಆಯ್ಕೆ ಸಮಿತಿಗೂ ಉಪಯೋಗವಿಲ್ಲ.

ಕ್ಲಬ್ ಕ್ರಿಕೆಟಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಮುಖ್ಯ ಬೌಲರ್ ಬಾರದ ಭಾನುವಾರ, ಎದುರಾಳಿ ಎರಡು ವಿಕೆಟಿಗೆ 60 ಹೊಡೆದು ಕೂತಿರುವಾಗ, 18ನೇ ಓವರಿಗೆ ಚೆಂಡು ಯಾರ ಕೈಗೆ ಹೋಗುತ್ತದೆ? ಉತ್ತರ ಗೊತ್ತಿದ್ದರೆ ಅರ್ಧ ಮುನ್ನೋಟ ಮುಗಿದಂತೆ. ಆ ಉತ್ತರ ಹುಡುಕುವ ಕ್ರಮ ಕೆಳಗಿದೆ. ಸ್ಕೋರ್‌ಬುಕ್ ಕೈಗೆ ಸಿಕ್ಕಿದ್ದರೆ ಒಂದು ತಂಡಕ್ಕೆ ಎರಡು ಮೂರು ಗಂಟೆ ಹಿಡಿಯುತ್ತದೆ, ಜೊತೆಗೆ ಒಂದು ಸಂಜೆ ನೆಟ್ಸ್ ನೋಡಬೇಕು.

ಮೊದಲು ಯಾವ ಲೀಗ್, ಯಾವ ನೆಲ

ಎಲ್ಲ ಪಂದ್ಯಗಳನ್ನೂ ಒಂದೇ ಚೀಲಕ್ಕೆ ಸುರಿಯಬೇಡಿ. 1948ರಲ್ಲಿ ಶುರುವಾದ ಕಾಂಗಾ ಲೀಗ್ ಮಳೆಗಾಲದ ಆಟ. ಮುಚ್ಚಿಡದ ಪಿಚ್ಚು, ಪಾದ ಮುಳುಗುವ ಹುಲ್ಲು, ಗುಡುಗುಡು ಹೊರಟು ಬೌಂಡರಿಗೆ ಹತ್ತಡಿ ಇರುವಾಗ ಕೆಸರಲ್ಲಿ ಕೂತುಬಿಡುವ ಚೆಂಡು. ಅಲ್ಲಿ 12ರ ಸರಾಸರಿ (ಒಂದು ವಿಕೆಟಿಗೆ ಕೊಟ್ಟ ರನ್) ತೆಗೆದ ಬೌಲರ್, ಬೇಸಿಗೆಯ ಒಣ ಪಿಚ್ಚಿನ ಕಚೇರಿ ಟೂರ್ನಮೆಂಟಿನಲ್ಲಿ 22ರ ಸರಾಸರಿ ತೆಗೆದವನಿಗಿಂತ ಉತ್ತಮ ಎಂದು ಹೇಳಲಾಗದು. ಎರಡೂ ಬೇರೆ ಬೇರೆ ಪುಟ. ಟಿ20 ಮೂರನೆಯ ಪುಟ. ಅಲ್ಲಿ ಎಕಾನಮಿ, ಅಂದರೆ ಓವರಿಗೆ ಕೊಟ್ಟ ರನ್, ನೋಡಿ. ಮಳೆಗಾಲದ ಲೀಗಿನಲ್ಲಿ ಎಕಾನಮಿ ನೋಡಿ ಏನೂ ಆಗಬೇಕಾಗಿಲ್ಲ. ಅಲ್ಲಿ ಹತ್ತು ವಿಕೆಟ್ ಬೀಳಬೇಕು, ಮೊದಲ ಇನಿಂಗ್ಸಿನ ಮುನ್ನಡೆ ಸಿಗಬೇಕು.

ಮುನ್ನಡೆಯ ಬೆಲೆ ಕನ್ನಡಿಗರಿಗೆ ವಿವರಿಸಬೇಕಿಲ್ಲ. 1958-59ರಿಂದ ಸತತ 15 ಸಲ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು 1973-74ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಹೊರಗಟ್ಟಿದ್ದು ಮೊದಲ ಇನಿಂಗ್ಸ್ ಮುನ್ನಡೆಯಿಂದಲೇ. ಬಾಂಬೆಯ ಗವಾಸ್ಕರ್ ಅವರನ್ನು ಕರ್ನಾಟಕದ ಸ್ಪಿನ್ನರ್ ಪ್ರಸನ್ನ ಬೌಲ್ಡ್ ಮಾಡಿದ ಎಸೆತದ ಕಥೆ ಮಾಟುಂಗಾದ ಉಡುಪಿ ಹೋಟೆಲುಗಳ ಮೇಜಿನ ಸುತ್ತ ಇವತ್ತಿಗೂ ನಡೆಯುತ್ತದೆ.

ಟೆನಿಸ್ ಬಾಲ್ ಪುಟವನ್ನು ತೆರೆಯಲೇಬೇಡಿ. ಊರಿನ ಸಂಘಗಳು ನಡೆಸುವ ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ದಾಂಡಿಗರನ್ನು ಹೆದರಿಸುವ ಹುಡುಗರು ನಮ್ಮಲ್ಲಿ ಧಾರಾಳ. ಆದರೆ ಸೀಸನ್ ಚೆಂಡು, ಅಂದರೆ ತೊಗಲಿನ ಗಟ್ಟಿ ಚೆಂಡು, 156ರಿಂದ 163 ಗ್ರಾಂ ತೂಗುತ್ತದೆ, ಅದಕ್ಕೆ ಸೀಮ್ (ಉಬ್ಬಿದ ಹೊಲಿಗೆ) ಇದೆ. ಟೆನಿಸ್ ಚೆಂಡಲ್ಲಿ ಭುಜ ಜಾಡಿಸುವುದರಿಂದ ಬರುವ ವೇಗ ಸೀಸನ್ ಚೆಂಡಲ್ಲಿ ಎಂಟು ಓವರ್ ಉಳಿಯುವುದಿಲ್ಲ. ನಾಲ್ಕನೇ ಓವರಿಗೆ ಕೈ ಇಳಿಯುತ್ತದೆ, ಚೆಂಡು ಲೆಗ್ ಬದಿಗೆ ಜಾರುತ್ತದೆ. ಅಂಥವನ ಹೆಸರು ಕೇಳಿದರೆ ಅಂಕಿ ಬರೆಯದೆ "ನೆಟ್ಸ್‌ನಲ್ಲಿ ನೋಡಬೇಕು" ಎಂದಷ್ಟೇ ಗುರುತು ಹಾಕಿ.

ಇನ್ನು ನೆಲ. ಮೈದಾನದ ಪಿಚ್ಚುಗಳನ್ನು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿ ಹಾಕುತ್ತಾರೆ, ಸಂಜೆ ಬಿಸಿಲು ಕಣ್ಣಿಗೆ ಹೊಡೆಯದಿರಲಿ ಎಂದು. ಕ್ರಾಸ್ ಮೈದಾನ, ಓವಲ್, ಶಿವಾಜಿ ಪಾರ್ಕ್ ಎಲ್ಲವೂ ಕಡಲಿಗೆ ಹತ್ತಿರ. ಪಶ್ಚಿಮದ ಗಾಳಿ ಪಿಚ್ಚಿಗೆ ಅಡ್ಡ ಬೀಸುತ್ತದೆ. ಉತ್ತರದ ತುದಿಯಿಂದ ಎಸೆಯುವವನಿಗೆ ಆ ಗಾಳಿ ಬಲಗಡೆಯಿಂದ ಬಂದು ಚೆಂಡನ್ನು ಎಡಕ್ಕೆ ತಳ್ಳುತ್ತದೆ, ಅಂದರೆ ಬಲಗೈ ದಾಂಡಿಗನಿಂದ ದೂರ, ಸ್ಲಿಪ್ ಕಡೆಗೆ. ಔಟ್‌ಸ್ವಿಂಗ್ ಹಾಕುವವನಿಗೂ ಆಫ್ ಸ್ಪಿನ್ನರ್‌ನ ಡ್ರಿಫ್ಟ್‌ಗೂ (ಚೆಂಡು ಗಾಳಿಯಲ್ಲಿ ಬದಿಗೆ ಸರಿಯುವುದು) ಅದೇ ತುದಿ. ದಕ್ಷಿಣದಿಂದ ಎಸೆದರೆ ಗಾಳಿ ಚೆಂಡನ್ನು ಒಳಕ್ಕೆ ತರುತ್ತದೆ. ತಂಡದಲ್ಲಿ ಔಟ್‌ಸ್ವಿಂಗ್ ಹಾಕುವವರೇ ಇಬ್ಬರಿದ್ದರೆ ಒಂದು ತುದಿಗೆ ಇಬ್ಬರ ಪೈಪೋಟಿ, ಇನ್ನೊಂದು ತುದಿ ಖಾಲಿ. ಎರಡು ತುದಿಗೂ ಸರಿಯಾದ ಆಳು ಇದ್ದಾರೆಯೇ ಎಂದು ನೋಡಿ. ಮುನ್ನೋಟದಲ್ಲಿ ಯಾರೂ ಬರೆಯದ ವಿಷಯ ಇದು.

ಸ್ಕೋರ್‌ಬುಕ್ಕಿನಿಂದ ಓವರ್ ಲೆಕ್ಕ

ಕಳೆದ ಸೀಸನ್ನಿನ ಸ್ಕೋರ್‌ಬುಕ್ ಕೇಳಿ ಪಡೆಯಿರಿ, ಸಾಧ್ಯವಾದರೆ ಅದಕ್ಕೆ ಹಿಂದಿನದ್ದೂ. ಫೋನಿನ ಆ್ಯಪ್‌ನಲ್ಲಿ ಸ್ಕೋರ್ ಹಾಕಿದ್ದರೆ ಕೆಲಸ ಸುಲಭ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಓವರ್ ಮುಗಿದಾಗ ಬೌಲರ್ ಹೆಸರು ಬದಲಾಯಿಸಲು ಸ್ಕೋರರ್ ಮರೆತರೆ ಇಡೀ ಓವರ್ ಬೇರೆಯವನ ಖಾತೆಗೆ ಹೋಗಿರುತ್ತದೆ. ಒಬ್ಬನೇ ಬೌಲರ್ ಸತತ ಎರಡು ಓವರ್ ಎಸೆದಂತೆ ಕಂಡರೆ ಅಲ್ಲಿ ತಪ್ಪಿದೆ ಎಂದೇ ಲೆಕ್ಕ.

ಇನ್ನೊಂದು ತೊಡಕು ನಮ್ಮವರದ್ದೇ. ಒಂದು ತಂಡದಲ್ಲಿ ಮೂರು ಶೆಟ್ಟಿ, ಇಬ್ಬರು ಪೂಜಾರಿ ಇರುವುದು ಮುಂಬಯಿಯಲ್ಲಿ ಅಪರೂಪವಲ್ಲ. ಸ್ಕೋರರ್ ಬರೀ "ಎಸ್. ಶೆಟ್ಟಿ" ಎಂದು ಬರೆದಿರುತ್ತಾನೆ, ಸಂತೋಷನೋ ಸುಧೀರನೋ ದೇವರಿಗೇ ಗೊತ್ತು. ಒಬ್ಬ ವೇಗಿ, ಇನ್ನೊಬ್ಬ ಎಡಗೈ ಸ್ಪಿನ್ನರ್ ಆಗಿದ್ದರೆ ಇಬ್ಬರನ್ನೂ ಸೇರಿಸಿ 40 ವಿಕೆಟ್ ತೆಗೆದ ಇಲ್ಲದ ಬೌಲರ್‌ನೊಬ್ಬ ಹುಟ್ಟಿಕೊಳ್ಳುತ್ತಾನೆ. ಎಷ್ಟನೇ ಓವರಿನಲ್ಲಿ ಎಸೆದಿದ್ದಾನೆ, ಕೀಪರ್ ಸ್ಟಂಪಿಂಗ್ ಮಾಡಿದ್ದಾನೆಯೇ ಎಂಬುದರಿಂದ ಬೇರ್ಪಡಿಸಬಹುದು. ಸಂಶಯ ಉಳಿದರೆ ತಂಡದ ಹಳಬರೊಬ್ಬರನ್ನು ಕೇಳಿ.

ಈಗ ಒಂದು ಉದ್ದ ಪಟ್ಟಿಯ ಪುಸ್ತಕ ತೆಗೆದು ಪ್ರತಿ ಬೌಲರ್‌ಗೂ ಒಂದು ಸಾಲು ಹಾಕಿ: ಒಟ್ಟು ಓವರ್, ಮೇಡನ್, ರನ್, ವಿಕೆಟ್, ನೋಬಾಲ್, ವೈಡ್. ನೋಬಾಲ್, ವೈಡ್‌ಗಳ ರನ್ ಬೌಲರ್‌ನ ತಲೆಗೆ. ಬೈ, ಲೆಗ್‌ಬೈ ಅವನಿಗೆ ಸೇರುವುದಿಲ್ಲ. ಹಳೆಯ ಸ್ಕೋರರ್‌ಗಳಲ್ಲಿ ಕೆಲವರು ವೈಡನ್ನು ಬರೀ ಎಕ್ಸ್‌ಟ್ರಾಗೆ ಹಾಕಿ ಬೌಲರ್‌ನನ್ನು ಉಳಿಸಿರುತ್ತಾರೆ, ಆದ್ದರಿಂದ ಒಟ್ಟು ತಾಳೆ ನೋಡಿ.

ಕೂಡಿದ ಮೇಲೆ ನೋಡಬೇಕಾದ ಮೊದಲ ಅಂಕಿ ವಿಕೆಟಿನದ್ದಲ್ಲ, ಓವರಿನದ್ದು. ಒಂದು ಉದಾಹರಣೆ ಹಾಕಿಕೊಳ್ಳೋಣ. ಒಂದು ತಂಡ ಹತ್ತು ಇನಿಂಗ್ಸಿನಲ್ಲಿ ಒಟ್ಟು 380 ಓವರ್ ಎಸೆದಿದೆ. ಹೊಸ ಚೆಂಡಿನ ಒಂದನೆಯವ 92, ಎರಡನೆಯವ 70, ಎಡಗೈ ಸ್ಪಿನ್ನರ್ 104, ಆಫ್ ಸ್ಪಿನ್ನರ್ 58, ಉಳಿದ ಐವರು ಸೇರಿ 56. ಈ ಸಲ ಎರಡನೇ ವೇಗಿ ಬೇರೆ ಕ್ಲಬ್ಬಿಗೆ ಹೋಗಿದ್ದಾನೆ, ಎಡಗೈ ಸ್ಪಿನ್ನರ್‌ಗೆ ಪುಣೆಗೆ ವರ್ಗವಾಗಿದೆ. ಬಾಯಲ್ಲಿ ಹೇಳುವಾಗ "ಇಬ್ಬರು ಹೋದರು, ಅಷ್ಟೇ." ಲೆಕ್ಕದಲ್ಲಿ 70 ಮತ್ತು 104 ಸೇರಿ 174, ಒಟ್ಟು ಓವರಿನ ಶೇಕಡಾ 46. ಸರಿಸುಮಾರು ಅರ್ಧ ಇನಿಂಗ್ಸಿಗೆ ಹೊಸ ಆಳು ಬೇಕು. ಉಳಿದ ಐವರು ಕಳೆದ ವರ್ಷ ಎಸೆದದ್ದು ಇಡೀ ಸೀಸನ್ನಿಗೆ 56 ಓವರ್, ತಲೆಗೆ 11. ಅವರಲ್ಲಿ ಒಬ್ಬನನ್ನು ಒಂದೇ ದಿನ 12 ಓವರ್ ಎಸೆಯಲು ನಿಲ್ಲಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಮರಳಿ ಬರುವ ಓವರ್ ಶೇಕಡಾ 75ಕ್ಕಿಂತ ಹೆಚ್ಚಿದ್ದರೆ ಹಳೆಯ ಅಂಕಿಗಳ ಮೇಲೆ ಭರವಸೆಯಿಡಬಹುದು. 50ರಿಂದ 75 ಇದ್ದರೆ ಹೊಸಬರನ್ನು ನೋಡದೆ ಬರೆಯಬೇಡಿ. 50ಕ್ಕಿಂತ ಕಡಿಮೆಯಾದರೆ ಅದು ಹೆಸರಿಗೆ ಮಾತ್ರ ಹಳೆಯ ತಂಡ. ಈ ಗೆರೆಗಳು ಎಲ್ಲೂ ಕೊರೆದಿಟ್ಟದ್ದಲ್ಲ, ಕೆಲಸಕ್ಕೆ ಸಾಕಾಗುವ ಅಂದಾಜು.

ಯಾರ ವಿಕೆಟ್ ಬಿತ್ತು

25 ವಿಕೆಟ್ ತೆಗೆದವನು 18 ತೆಗೆದವನಿಗಿಂತ ದೊಡ್ಡ ಬೌಲರ್ ಎಂದು ಪಟ್ಟಿ ಹೇಳುತ್ತದೆ. ಸ್ಕೋರ್‌ಬುಕ್ಕನ್ನು ಇನ್ನೊಮ್ಮೆ ತೆಗೆದು, ಬ್ಯಾಟಿಂಗ್ ಕ್ರಮದಲ್ಲಿ 1ರಿಂದ 6ರವರೆಗಿನ ವಿಕೆಟಿಗೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ. 25ರಲ್ಲಿ 16 ವಿಕೆಟ್ 8ರಿಂದ 11ನೇ ಕ್ರಮಾಂಕದವರದ್ದಾದರೆ, ಬೇರೆಯವರು ಕಡಿದು ಹಾಕಿದ್ದನ್ನು ಅವನು ಹೊತ್ತುಕೊಂಡು ಹೋಗಿದ್ದಾನೆ ಎಂದರ್ಥ. 18ರಲ್ಲಿ 13 ಮೇಲಿನ ಆರು ಮಂದಿಯದ್ದಾದರೆ ಅವನೇ ತಂಡದ ಆಧಾರ. ಆದರೆ ಮೊದಲನೆಯವನನ್ನು ಹಗುರವಾಗಿ ಕಾಣಬೇಡಿ. ಎಂಟು ವಿಕೆಟ್ ಬಿದ್ದ ಮೇಲೆ ಒದ್ದೆ ಮೈದಾನದಲ್ಲಿ ಬ್ಯಾಟ್ ಬೀಸಿ 30 ರನ್ ಕದಿಯುವ ಬಾಲಂಗೋಚಿಗಳೇ ಮುನ್ನಡೆಯನ್ನು ತಪ್ಪಿಸುವುದು, ಅವರನ್ನು ಬೇಗ ಮುಗಿಸುವುದೂ ಒಂದು ಕಸುಬು. ಎರಡು ಕಸುಬಿಗೆ ಎರಡು ಅಂಕಣ ಇಡಿ.

ಔಟಾದ ರೀತಿಯನ್ನೂ ಬರೆದುಕೊಳ್ಳಿ. ಬೌಲ್ಡ್ ಮತ್ತು ಎಲ್‌ಬಿಡಬ್ಲ್ಯು ಒಂದು ಗುಂಪು, ಕೀಪರ್ ಮತ್ತು ಸ್ಲಿಪ್ ಕ್ಯಾಚ್ ಇನ್ನೊಂದು, ದೂರದ ಕ್ಯಾಚ್ ಮೂರನೆಯದು. ಚೆಂಡು ಕೆಳಗೇ ಉಳಿಯುವ ಮಳೆಗಾಲದ ಪಿಚ್ಚಲ್ಲಿ ಮೊದಲ ಗುಂಪು ದೊಡ್ಡದಿರುವವನು ಕೀಪರ್ ಬದಲಾದರೂ ನಡೆಸಿಕೊಂಡು ಹೋಗುತ್ತಾನೆ. 22ರಲ್ಲಿ 9 ವಿಕೆಟ್ ಕೀಪರ್-ಸ್ಲಿಪ್ ಕ್ಯಾಚಿನಿಂದ ಬಂದಿದ್ದರೆ ಈ ಸಲ ಕೀಪರ್ ಯಾರೆಂದು ವಿಚಾರಿಸದೆ ಆ ಬೌಲರ್ ಬಗ್ಗೆ ಒಂದು ವಾಕ್ಯವನ್ನೂ ಬರೆಯಬಾರದು. ದೂರದ ಕ್ಯಾಚ್ ಹೆಚ್ಚಿರುವ ಸ್ಪಿನ್ನರ್, ಹುಲ್ಲು ಕತ್ತರಿಸಿ ಔಟ್‌ಫೀಲ್ಡ್ ಒಣಗಿದ ಮೇಲೆ ದುಬಾರಿಯಾಗುತ್ತಾನೆ.

ಸಣ್ಣ ಅಂಕಿಯ ಮೋಸ

ಮುನ್ನೋಟಗಳಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಒಬ್ಬ ಹುಡುಗ ಎರಡು ಪಂದ್ಯದಲ್ಲಿ 60 ರನ್ನಿಗೆ 6 ವಿಕೆಟ್ ತೆಗೆದಿದ್ದಾನೆ, ಸರಾಸರಿ 10. ಇನ್ನೊಬ್ಬ ಇಡೀ ಸೀಸನ್ ಎಸೆದು 476 ರನ್ನಿಗೆ 34 ತೆಗೆದಿದ್ದಾನೆ, ಸರಾಸರಿ 14. ಪಟ್ಟಿಯ ತಲೆಯಲ್ಲಿ ಹುಡುಗ ಕೂರುತ್ತಾನೆ. ಒಂದು ಒದ್ದೆ ಬೆಳಿಗ್ಗೆ, ಒಂದು ದುರ್ಬಲ ಎದುರಾಳಿ, ಅಷ್ಟು ಸಾಕು 10ರ ಸರಾಸರಿಗೆ.

ಇದಕ್ಕೆ ಕಾಗದ ಪೆನ್ಸಿಲಿನಲ್ಲೇ ಮಾಡಬಹುದಾದ ಮದ್ದಿದೆ. ಆ ಡಿವಿಜನ್ನಿನ ಒಟ್ಟಾರೆ ಬೌಲಿಂಗ್ ಸರಾಸರಿ ಹಿಡಿಯಿರಿ, 20 ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬ ಬೌಲರ್‌ನ ಖಾತೆಗೂ ಆ ಸರಾಸರಿಯ ಹತ್ತು ವಿಕೆಟ್ ಸಾಲವಾಗಿ ಸೇರಿಸಿ: ಹತ್ತು ವಿಕೆಟ್, 200 ರನ್. ಹುಡುಗನದ್ದು 260 ರನ್ನಿಗೆ 16 ವಿಕೆಟ್ ಆಯಿತು, ಸರಾಸರಿ 16.25. ಹಿರಿಯನದ್ದು 676ಕ್ಕೆ 44, ಸರಾಸರಿ 15.4. ಕ್ರಮ ತಿರುಗಿಬಿತ್ತು. ಹೆಚ್ಚು ಎಸೆದವನ ಅಂಕಿಯನ್ನು ಈ ಸಾಲ ಅಷ್ಟಾಗಿ ಅಲುಗಿಸುವುದಿಲ್ಲ. ಕಡಿಮೆ ಎಸೆದವನನ್ನು ನಡುವಿಗೆ ಎಳೆದು ತರುತ್ತದೆ. ಹುಡುಗ ನಿಜಕ್ಕೂ ಒಳ್ಳೆಯವನಾದರೆ ಮುಂದಿನ ವರ್ಷ ಅವನೇ ಸಾಲ ತೀರಿಸುತ್ತಾನೆ.

ಎಲ್ಲ ಸರಾಸರಿಗೂ ಇದನ್ನು ಮಾಡಿದ ನಂತರವೇ ತಂಡ ತಂಡಗಳನ್ನು ಹೋಲಿಸಿ. ಹಾಗೆಯೇ ಡಿವಿಜನ್ ಬದಲಾದವರಿಗೆ ಒಂದು ಚುಕ್ಕಿ ಗುರುತು ಹಾಕಿ. ಕಾಂಗಾ ಲೀಗಿನಲ್ಲಿ ಎ ಯಿಂದ ಜಿ ವರೆಗೆ ಡಿವಿಜನ್‌ಗಳಿವೆ. ಎಫ್‌ನಲ್ಲಿ ಕಾಲು ಚಾಚದೆ ಆಡುವವರ ಎದುರು ಸಿಕ್ಕ ಎಲ್‌ಬಿಡಬ್ಲ್ಯುಗಳು ಸಿ ಯಲ್ಲಿ ಸಿಗುವುದಿಲ್ಲ.

ಭಾನುವಾರ ಯಾರು ಬರುತ್ತಾರೆ

ಮುಂಬಯಿಯ ಕ್ಲಬ್ ಬೌಲಿಂಗನ್ನು ಪಿಚ್ಚಿಗಿಂತ ಹೆಚ್ಚಾಗಿ ನಡೆಸುವುದು ರೈಲು, ಕಚೇರಿ ಮತ್ತು ಹೋಟೆಲಿನ ಗಲ್ಲಾ. ಸ್ಕೋರ್‌ಬುಕ್ಕಿನಲ್ಲಿ ಇದು ಕಾಣುವುದಿಲ್ಲ, ಕೇಳಿ ತಿಳಿಯಬೇಕು. ಪ್ರತಿ ಬೌಲರ್ ಹೆಸರಿನ ಮುಂದೆ ಕಳೆದ ವರ್ಷ ಎಷ್ಟು ಪಂದ್ಯಕ್ಕೆ ಲಭ್ಯನಿದ್ದ ಎಂದು ಬರೆಯಿರಿ, ನಂತರ ಈ ವರ್ಷ ಏನು ಬದಲಾಗಿದೆ ಎಂದು ವಿಚಾರಿಸಿ.

ಹೋಟೆಲ್ ಕೆಲಸದವರಿಗೆ ಭಾನುವಾರವೇ ಗಿರಾಕಿ ಜಾಸ್ತಿ. ಕೌಂಟರಿನಲ್ಲಿ ಕೂರುವ ಆಫ್ ಸ್ಪಿನ್ನರ್ ವಾರದ ದಿನದ ನೆಟ್ಸ್‌ನಲ್ಲಿ ತಪ್ಪದೆ ಕಾಣುತ್ತಾನೆ, ಪಂದ್ಯಕ್ಕೆ ಮಾತ್ರ ಇರುವುದಿಲ್ಲ. ಕಚೇರಿ ತಂಡದಲ್ಲಿ ಆಡುವವನಿಗೆ ಕಚೇರಿ ತಂಡಗಳ ಟೂರ್ನಮೆಂಟಾದ ಟೈಮ್ಸ್ ಶೀಲ್ಡ್ ಬಂದರೆ ಮೊದಲು ಕಚೇರಿ. ಬ್ಯಾಂಕಿನವರಿಗೆ ತ್ರೈಮಾಸಿಕದ ಕೊನೆ. ಗಣೇಶ ಚೌತಿಯ ಆಸುಪಾಸಿನ ವಾರಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಬಣ್ಣ ಹಚ್ಚಿ ಇಡಿ. ಕರಾವಳಿಯ ಹುಡುಗರು ಹೆಚ್ಚಿರುವ ತಂಡ ಅರ್ಧಕ್ಕರ್ಧ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗಿರುತ್ತದೆ.

ಭಾನುವಾರದ ರೈಲು ಇನ್ನೊಂದು ಕಥೆ. ಮಧ್ಯ ಮತ್ತು ಹಾರ್ಬರ್ ಮಾರ್ಗದಲ್ಲಿ ಮೆಗಾ ಬ್ಲಾಕ್, ಪಶ್ಚಿಮ ಮಾರ್ಗದಲ್ಲಿ ಜಂಬೋ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಕೆಲ ಗಂಟೆ ರೈಲು ಕಡಿತ. ಹೊಸ ಚೆಂಡಿನ ಇಬ್ಬರೂ ಡೊಂಬಿವಲಿ ಕಡೆಯವರಾದರೆ ತೊಂದರೆ ಜೋಡಿಯಾಗಿ ಬರುತ್ತದೆ. ಇಲ್ಲಿ ಒಂದು ಲೆಕ್ಕ ಗಮನಿಸಿ. ಇಬ್ಬರು ಬೌಲರ್‌ಗಳು ಪ್ರತ್ಯೇಕವಾಗಿ ಹತ್ತರಲ್ಲಿ ಏಳು ಭಾನುವಾರ ಬರುವವರಾದರೆ, ಇಬ್ಬರೂ ಒಟ್ಟಿಗೆ ಸಿಗುವುದು ಹತ್ತರಲ್ಲಿ ಐದೇ ಸಲ. ಇಬ್ಬರೂ ಇಲ್ಲದಿರುವುದು ಹತ್ತರಲ್ಲಿ ಒಮ್ಮೆ. ಆದರೆ ಒಂದೇ ಕಚೇರಿ, ಒಂದೇ ರೈಲು ಮಾರ್ಗ ಆದರೆ ಬಂದರೆ ಇಬ್ಬರೂ, ಇಲ್ಲದಿದ್ದರೆ ಇಬ್ಬರೂ ಇಲ್ಲ. ಆಗ ಹತ್ತರಲ್ಲಿ ಮೂರು ಭಾನುವಾರ ಹೊಸ ಚೆಂಡಿಗೆ ದಿಕ್ಕಿಲ್ಲ. ಸರಾಸರಿ ಒಂದೇ, ತಂಡದ ಪಾಡು ಬೇರೆ.

ಇದನ್ನೆಲ್ಲ ಕೇಳಿ ತಿಳಿದರೂ ಮುನ್ನೋಟದಲ್ಲಿ ಬಿಚ್ಚಿ ಬರೆಯಬಾರದು. ಯಾರ ಕೆಲಸ ಹೋಯಿತು, ಯಾರ ಬೆನ್ನಿಗೆ ಸ್ಕ್ಯಾನ್ ಆಯಿತು ಎಂಬುದು ಅವರವರ ಖಾಸಗಿ ವಿಷಯ. "ಎಲ್ಲ ಪಂದ್ಯಗಳಿಗೆ ಸಿಗುವುದು ಅನುಮಾನ" ಎಂದರೆ ಓದುವವನಿಗೆ ಸಾಕು.

ನೆಟ್ಸ್‌ನಲ್ಲಿ 24 ಎಸೆತ

ಹೊಸಬರನ್ನು ಅಳೆಯಲು ಬೇರೆ ದಾರಿಯಿಲ್ಲ. ನಾಲ್ಕು ಓವರಿನಷ್ಟು, ಅಂದರೆ 24 ಎಸೆತ, ಒಂದನ್ನೂ ಬಿಡದೆ ಎಣಿಸಿ. ಮೊದಲ ಆರು ಮೈ ಬಿಸಿಯಾಗಲು ಎಂದು ಬಿಟ್ಟುಕೊಡಬೇಡಿ. ಪಂದ್ಯದಲ್ಲಿ ಆ ಆರು ಎಸೆತಕ್ಕೇ ಎರಡು ಬೌಂಡರಿ ಹೋಗುವುದು.

ವೇಗಿಗಳಿಗೆ ದಾಂಡಿಗನ ಸ್ಟಂಪಿನಿಂದ 6 ಮತ್ತು 8 ಮೀಟರಿನಲ್ಲಿ ನೆಟ್ಟಿನ ಬದಿಗೆ ಎರಡು ಗುರುತು ಇಡಿ. ಮಳೆಗಾಲದ ನಿಧಾನ ಪಿಚ್ಚಿನ ಲೆಕ್ಕಕ್ಕೆ ಎರಡನ್ನೂ ಒಂದು ಮೀಟರ್ ದಾಂಡಿಗನ ಕಡೆಗೆ ಸರಿಸಿ, ಏಕೆಂದರೆ ಅಲ್ಲಿ ಶಾರ್ಟ್ ಬಿದ್ದ ಚೆಂಡು ನಿಂತು ಬರುತ್ತದೆ, ಆರಾಮವಾಗಿ ಎಳೆದು ಹೊಡೆಯಬಹುದು. ಆ ಎರಡು ಗುರುತಿನ ನಡುವೆ, ಆಫ್ ಸ್ಟಂಪ್ ಮತ್ತು ಅದರ ಹೊರಗೆ ಒಂದು ಗೇಣಿನೊಳಗೆ ಬಿದ್ದದ್ದಕ್ಕೆ ಮಾತ್ರ ಒಂದು ಗೆರೆ ಎಳೆಯಿರಿ. 24ಕ್ಕೆ 14 ಗೆರೆ ದಾಟಿದರೆ ಕ್ಲಬ್ ಮಟ್ಟಕ್ಕೆ ಒಳ್ಳೆಯ ಬೌಲರ್. 10ಕ್ಕಿಂತ ಕಡಿಮೆಯಾದರೆ ಎಷ್ಟು ವೇಗವಿದ್ದರೂ ಮೂರು ಓವರಿಗಿಂತ ಹೆಚ್ಚು ಕೊಡಲಾಗದು.

ನೆಟ್ಸ್‌ನಲ್ಲಿ ನೋಬಾಲ್ ಯಾರೂ ಕರೆಯುವುದಿಲ್ಲ, ನೀವು ಕರೆಯಿರಿ. ಅರ್ಧ ಹೆಜ್ಜೆ ದಾಟಿ ಎಸೆಯುವವನ ವೇಗವೂ ಲೆಂತೂ (ಚೆಂಡು ನೆಲಕ್ಕೆ ಬೀಳುವ ದೂರ) ಪಂದ್ಯದ ದಿನ ಗೆರೆ ಹಿಂದೆ ಸರಿದಾಗ ಎರಡೂ ಕೆಡುತ್ತವೆ. ಕೆಸರಿನ ರನ್‌ಅಪ್‌ನಲ್ಲಿ ಅದು ಇನ್ನೂ ಹೆಚ್ಚು; ಕಾಲು ಜಾರುವ ಭಯಕ್ಕೆ ಹೆಜ್ಜೆ ಚಿಕ್ಕದಾಗುತ್ತದೆ, ಲೆಕ್ಕ ತಪ್ಪಿ ಗೆರೆ ಮೀರುತ್ತಾನೆ. 20 ಹೆಜ್ಜೆ ಓಡಿ ಬರುವವನನ್ನು 12 ಹೆಜ್ಜೆಯಿಂದ ಒಂದು ಓವರ್ ಹಾಕಲು ಹೇಳಿ ನೋಡಿ. ಅಲ್ಲೂ ಲೆಂತ್ ಉಳಿದರೆ ಜುಲೈ ತಿಂಗಳಿಗೆ ಅವನೇ ಬೌಲರ್.

ವೇಗ ಅಳೆಯಲು ಗನ್ ಬೇಡ, ಫೋನ್ ಸಾಕು. ವೀಡಿಯೊವನ್ನು ಸೆಕೆಂಡಿಗೆ 60 ಫ್ರೇಮ್‌ಗೆ ಇಟ್ಟು, ಬೌಲರ್ ಕೈ ಮತ್ತು ದಾಂಡಿಗನ ಕ್ರೀಸ್ ಎರಡೂ ಒಟ್ಟಿಗೆ ಕಾಣುವಂತೆ ಬದಿಯಿಂದ ಹಿಡಿಯಿರಿ. ಚೆಂಡು ಕೈಬಿಟ್ಟ ಫ್ರೇಮಿನಿಂದ ದಾಂಡಿಗನ ಕ್ರೀಸ್ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. ಪಿಚ್ಚಿನ ಉದ್ದ 20.12 ಮೀಟರ್, ಎರಡೂ ತುದಿಯ 1.22 ಮೀಟರ್ ಕಳೆದರೆ ಕ್ರೀಸಿನಿಂದ ಕ್ರೀಸಿಗೆ 17.68. ಲೆಕ್ಕ ಸುಲಭ: 3819ನ್ನು ಫ್ರೇಮ್ ಸಂಖ್ಯೆಯಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 32 ಫ್ರೇಮ್ ಬಂದರೆ 119, 36 ಬಂದರೆ 106, 38 ಬಂದರೆ 100. ಸ್ಪಿನ್ನರ್‌ಗೆ 48 ಬಂದರೆ ಸುಮಾರು 80. ಒಂದು ಫ್ರೇಮ್ ತಪ್ಪಿದರೆ ಮೂರು ನಾಲ್ಕು ಕಿಲೋಮೀಟರ್ ವ್ಯತ್ಯಾಸ, ಆದ್ದರಿಂದ ಆರು ಎಸೆತದ ಸರಾಸರಿ ತೆಗೆಯಿರಿ. ಇದು ದಾರಿಯುದ್ದದ ಸರಾಸರಿ ವೇಗ. ಟಿವಿಯಲ್ಲಿ ತೋರಿಸುವುದು ಕೈಬಿಟ್ಟ ಕ್ಷಣದ ವೇಗ. ಎರಡನ್ನೂ ಅಕ್ಕಪಕ್ಕ ಇಡಬೇಡಿ.

ಎರಡು ಕಡೆ ಕೈಕೊಡುತ್ತದೆ. ಮೋಡ ಕವಿದಾಗ ಕೆಲವು ಫೋನುಗಳು ತಾವಾಗಿಯೇ 30 ಫ್ರೇಮಿಗೆ ಇಳಿಯುತ್ತವೆ. ಎಣಿಸುವ ಮೊದಲು ವೀಡಿಯೊ ವಿವರ ತೆರೆದು ನೋಡಿ, ಇಲ್ಲದಿದ್ದರೆ ಮಧ್ಯಮ ವೇಗಿಯೊಬ್ಬ ಇಮ್ಮಡಿ ವೇಗದವನಾಗುತ್ತಾನೆ. ಎರಡನೆಯದು ಸದ್ದು. ಬೌಲರ್ ಹಿಂದೆ ನಿಂತು, ಬ್ಯಾಟಿಗೆ ತಾಗಿದ ಸದ್ದಿಗೆ ಫ್ರೇಮ್ ನಿಲ್ಲಿಸುವವರಿದ್ದಾರೆ. 18 ಮೀಟರ್ ದೂರದಿಂದ ಸದ್ದು ಬರಲು ಮೂರು ಫ್ರೇಮ್ ಹೋಗುತ್ತದೆ, ಅಂದರೆ ಬೌಲರ್‌ಗೆ ಹತ್ತು ಕಿಲೋಮೀಟರ್ ಅನ್ಯಾಯ. ಕಣ್ಣಿನಿಂದಲೇ ಎಣಿಸಿ.

ಅದೇ ವೀಡಿಯೊ ಹಿಡಿದು ಯಾರ ಮೊಣಕೈ ಬಾಗುತ್ತದೆ ಎಂದು ತೀರ್ಪು ಕೊಡಲು ಹೋಗಬೇಡಿ. ಎಸೆಯುವಾಗ ಬಾಗಿದ ಮೊಣಕೈ ನೇರವಾಗುವುದಕ್ಕಿರುವ 15 ಡಿಗ್ರಿಯ ಮಿತಿಯನ್ನು ಒಂದೇ ಕೋನದ ಫೋನ್ ವೀಡಿಯೊದಲ್ಲಿ ಅಳೆಯಲಾಗದು.

ಸ್ಪಿನ್ನರ್‌ಗಳಿಗೆ ಒದ್ದೆ ಚೆಂಡೇ ಪರೀಕ್ಷೆ. ಹಳೆಯ ಚೆಂಡೊಂದನ್ನು ಬಕೆಟ್ ನೀರಿನಲ್ಲಿ ಅದ್ದಿ, ಟವೆಲಿನಲ್ಲಿ ಒರೆಸಿ ಕೈಗೆ ಕೊಡಿ. ತೊಗಲು ನೀರು ಕುಡಿದು ಭಾರವಾಗಿ, ಹೊಲಿಗೆ ಉಬ್ಬಿ, ಬೆರಳು ಜಾರುತ್ತದೆ. ಬೆರಳಿನ ಸ್ಪಿನ್ನರ್‌ಗಳಲ್ಲಿ ಹೆಚ್ಚಿನವರು ತಿರುವು ಕಳೆದುಕೊಂಡರೂ ಲೆಂತ್ ಉಳಿಸಿಕೊಳ್ಳುತ್ತಾರೆ; ಮಣಿಕಟ್ಟಿನವರಿಗೆ ಒಂದು ಓವರಿನಲ್ಲಿ ಎರಡು ಫುಲ್‌ಟಾಸ್ ಖಚಿತ. ಈ ಊರಿನ ಕ್ಲಬ್‌ಗಳಲ್ಲಿ ಎಡಗೈ ಸ್ಪಿನ್ನರ್‌ಗೆ ಇರುವ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಶಿವಾಜಿ ಪಾರ್ಕ್ ಜಿಮ್ಖಾನಾದ ಪದ್ಮಾಕರ ಶಿವಾಲ್ಕರ್ ಒಂದೂ ಟೆಸ್ಟ್ ಆಡದೆ 589 ಪ್ರಥಮ ದರ್ಜೆ ವಿಕೆಟ್ ತೆಗೆದವರು. 1972-73ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಎದುರು 16 ರನ್ನಿಗೆ 8 ವಿಕೆಟ್. ಒಂದೇ ಜಾಗಕ್ಕೆ ದಿನವಿಡೀ ಎಸೆಯುವವನನ್ನು ಕಂಡರೆ ಮೈದಾನದ ಹಳಬರು ಇವತ್ತಿಗೂ ನಿಂತು ನೋಡುತ್ತಾರೆ.

ಪಿಚ್ಚಿನ ಬಗ್ಗೆಯೂ ಒಂದು ಮಾತು ಸೇರಿಸಿ. ನೀರು ಕುಡಿದು ಮೆತ್ತಗಿರುವ ಪಿಚ್ಚಲ್ಲಿ ಚೆಂಡು ಗುಳಿ ಮಾಡಿ ನಿಧಾನವಾಗಿ ಬರುತ್ತದೆ, ತಿರುಗುವುದಿಲ್ಲ. ಸೀಮ್ ಹಾಕುವವನ ಹೊತ್ತು ಅದು. ಬಿಸಿಲು ಬಿದ್ದು ಮೇಲ್ಪದರ ಒಣಗತೊಡಗಿದಾಗ ಸ್ಪಿನ್ನರ್ ಎದುರು ನಿಲ್ಲುವುದೇ ಕಷ್ಟ. ಎರಡೂ ಹೊತ್ತಿಗೆ ಒಬ್ಬೊಬ್ಬನಾದರೂ ಇರುವ ತಂಡ ಮಳೆಗಾಲದಲ್ಲಿ ದೊಡ್ಡ ಹೆಸರಿನ ಮೂರು ವೇಗಿಗಳ ತಂಡಕ್ಕಿಂತ ಮೇಲು. ಮ್ಯಾಟಿನ ನೆಟ್ಸ್‌ನಲ್ಲಿ ಕಂಡ ತಿರುವನ್ನು ಮಾತ್ರ ಅರ್ಧಕ್ಕೆ ಇಳಿಸಿ ಬರೆದುಕೊಳ್ಳಿ, ಮ್ಯಾಟ್ ಎಲ್ಲರನ್ನೂ ಸ್ಪಿನ್ನರ್ ಮಾಡುತ್ತದೆ.

ಬರೆಯುವುದು

ಪ್ರತಿ ತಂಡಕ್ಕೂ ನಾಲ್ಕು ಮನೆ ಹಾಕಿ: ಹೊಸ ಚೆಂಡು, ನಡು ಓವರ್, ಬಾಲ ಕತ್ತರಿಸುವುದು, ಬದಲಿ ಆಳು. ಒಂದೊಂದಕ್ಕೂ 5ರಲ್ಲಿ ಅಂಕ. ಒಟ್ಟು ಮಾಡಿ 20ಕ್ಕೆ 13 ಎಂದು ಬರೆಯುವ ಆಸೆ ಬರುತ್ತದೆ, ಬೇಡ. ಹೊಸ ಚೆಂಡಿಗೆ 5, ಬದಲಿ ಆಳಿಗೆ 1 ಇರುವ ತಂಡವೂ ಎಲ್ಲಕ್ಕೂ 3 ಇರುವ ತಂಡವೂ ಒಟ್ಟಿನಲ್ಲಿ ಅಕ್ಕಪಕ್ಕ ಕಾಣುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಎರಡನೆಯದು ಮೇಲಿರುತ್ತದೆ.

ಮೇಲಿನ 380 ಓವರಿನ ತಂಡದ ಬಗ್ಗೆ ಬರೆದರೆ ಹೀಗಿರಬಹುದು: "ಕಳೆದ ಸಲದ ಓವರಿನಲ್ಲಿ ಶೇಕಡಾ 54 ಮಾತ್ರ ಮರಳಿ ಬರುತ್ತಿದೆ. ಹೊಸ ಚೆಂಡಿನ ಒಂದನೆಯವ ಮೇಲಿನ ಕ್ರಮಾಂಕದ ವಿಕೆಟ್ ತೆಗೆಯುವವ, ಆದರೆ ಎಲ್ಲ ಭಾನುವಾರ ಸಿಗುವುದು ಅನುಮಾನ. ಎಡಗೈ ಸ್ಪಿನ್ನರ್ ಹೋದ ಜಾಗಕ್ಕೆ ಬಂದ ಹುಡುಗ ಒದ್ದೆ ಚೆಂಡಿನಲ್ಲೂ ಲೆಂತ್ ಬಿಡುವುದಿಲ್ಲ, ತಿರುವು ಕಡಿಮೆ. 15ರಿಂದ 30ನೇ ಓವರ್ ಈ ತಂಡದ ತೂತು. ಮೊದಲ 12 ಓವರ್ ವಿಕೆಟ್ ಉಳಿಸಿಕೊಂಡರೆ ಎದುರಾಳಿಗೆ ರನ್ ಇದೆ." ಐದಾರು ವಾಕ್ಯ ಸಾಕು. "ಅನುಭವಿ", "ಸಮತೋಲನ", "ಅಪಾಯಕಾರಿ" ಎಂಬ ಮೂರು ಪದ ಹೊಡೆದು ಹಾಕಿದ ಮೇಲೂ ಹೇಳಲು ಏನಾದರೂ ಉಳಿದಿದೆಯೇ ಎಂದು ನೋಡಿ.

ಸ್ವಂತ ಕ್ಲಬ್ಬಿನ ಬಗ್ಗೆ ಬರೆಯುವಾಗ ಕೈ ಮೃದುವಾಗುತ್ತದೆ. ಅದನ್ನು ಬೇರೆ ಕ್ಲಬ್ಬಿನ ಸ್ಕೋರರ್‌ಗೆ ಕೊಟ್ಟು ಅಂಕ ಹಾಕಿಸುವುದು ಮೇಲು.

ಮೂರನೇ ಪಂದ್ಯದ ಮೇಲೆ

ಮುನ್ನೋಟ ಒಮ್ಮೆ ಬರೆದು ಮುಗಿಯುವುದಿಲ್ಲ. ಮೂರು ಪಂದ್ಯ ಆದ ಮೇಲೆ ಓವರ್ ಹಂಚಿಕೆಯನ್ನು ಮತ್ತೆ ತೆಗೆದು, ನೀವು ಅಂದಾಜಿಸಿದ್ದ ಪಾಲಿನ ಪಕ್ಕ ಇಡಿ. ವಿಕೆಟ್ ನೋಡಲು ಮೂರು ಪಂದ್ಯ ಬಹಳ ಸಣ್ಣದು, ಆದರೆ ಕ್ಯಾಪ್ಟನ್ ಯಾರನ್ನು ನಂಬುತ್ತಾನೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ನೀವು 60 ಓವರ್ ಎಸೆಯುತ್ತಾನೆಂದು ಬರೆದವನು ಮೂರು ಪಂದ್ಯದಲ್ಲಿ ಐದೇ ಓವರ್ ಎಸೆದಿದ್ದರೆ, ಗಾಯವೋ ಜಗಳವೋ ಲೆಂತ್ ಕಳೆದುಹೋಗಿದೆಯೋ, ಯಾವುದೋ ಒಂದು ಇದೆ. ಟೆಂಟಿನಲ್ಲಿ ಚಹಾ ಕುಡಿಯುತ್ತ ಹತ್ತು ನಿಮಿಷ ಕೂತರೆ ಯಾವುದೆಂದು ತಿಳಿಯುತ್ತದೆ. ಮಳೆಗೆ ಪಂದ್ಯ ನಿಂತ ಹೊತ್ತೇ ಅದಕ್ಕೆ ಸರಿ.

ಪಟ್ಟಿಯ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿರಲಿ, ಬರೆಯುವುದು ಪೆನ್ಸಿಲಿನಲ್ಲೇ ಇರಲಿ. ಶಾಯಿಯಲ್ಲಿ ಬರೆದ ಬೌಲಿಂಗ್ ಅಂಕಿ ಜುಲೈ ಮಳೆಗೆ ಒಂದು ಹನಿ ತಾಗಿದರೂ 3 ಹೋಗಿ 8 ಆಗುತ್ತದೆ.